ಅತ್ತಿಗೆ ಬೈಯದೆ ಇದ್ದ ಬೆಳಗು

ನಮ್ಮ ಅತ್ತಿಗೆ ಶಿನೊ ಬಲೆಮನೆಯಲ್ಲಿ ಎರಡು ಕೆಲಸ ಮಾಡುತ್ತಿದ್ದಳು. ಎಂಟು ಜನ ಮೀನುಗಾರರಿಗೆ ಅಡುಗೆ ಮಾಡುವುದು, ಕರಡಿಗಳನ್ನು ಬೈಯುವುದು. ಅಡುಗೆ ಸುಮಾರಾಗಿತ್ತು. ಬೈಗುಳದಲ್ಲಿ ಮಾತ್ರ ಉತ್ತರದ ಶಿರೆತೊಕೊದ ಈ ಕಡಲದಂಡೆಯುದ್ದಕ್ಕೂ ಅವಳಿಗೆ ಸಮ ಯಾರೂ ಇರಲಿಲ್ಲ.

ಕೊನೆಯ ಬಸ್ಸು ತಿರುಗುವ ಜಾಗದಿಂದ ಕಲ್ಲುದಂಡೆಯ ಮೇಲೆ ಇಪ್ಪತ್ತು ನಿಮಿಷ ನಡೆದರೆ ನಮ್ಮ ಬಲೆಮನೆ. ಆಗಸ್ಟ್ ಮುಗಿಯುವಾಗ ಹೋಗಿ ಸೇರಿಕೊಂಡರೆ ಹಿಮ ಬೀಳುವ ತನಕ ಅಲ್ಲೇ ವಾಸ. ಕೆಳಗೆ ಬಲೆ, ಹಗ್ಗ, ತೇಲುಗುಂಡು. ಮೇಲೆ ಹಾಸಿಗೆ. ಪಕ್ಕದಲ್ಲೇ ಹೊಳೆ. ಆ ಹೊಳೆಗೆ ಸಾಲ್ಮನ್ ಮೀನು ಹತ್ತುವ ಕಾಲಕ್ಕೆ ನಾವೂ ಬರುತ್ತಿದ್ದೆವು, ಬೆಟ್ಟದಿಂದ ಕಂದು ಕರಡಿಗಳೂ ಬರುತ್ತಿದ್ದವು. ಅವು ಹೊಳೆಯ ಬಾಯಿಗೆ ಇಳಿಯುವ ದಾರಿ ನಮ್ಮ ಅಡುಗೆಮನೆಯ ಬಾಗಿಲ ಮುಂದೆಯೇ. ನಮ್ಮಜ್ಜ ಬಲೆಮನೆ ಕಟ್ಟುವಾಗ ಇದನ್ನು ಯೋಚಿಸಲಿಲ್ಲವೋ, ಅಥವಾ ಕರಡಿಗಳು ಬೇಕೆಂದೇ ನಮ್ಮ ಬಾಗಿಲನ್ನು ಆರಿಸಿಕೊಂಡವೋ ಗೊತ್ತಿಲ್ಲ.

ಕರಡಿ ಬಂತೆಂದರೆ ಅತ್ತಿಗೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಪಾತ್ರೆಯ ಮುಚ್ಚಳ ಹಿಡಿದು ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಲ್ಲುವಳು.

"ಏಯ್! ಏನು, ನಿಮ್ಮಜ್ಜಿ ಮನೆ ಅಂದ್ಕೊಂಡ್ಯಾ? ನಡಿ ಆಚೆ! ಹೊಳೆ ಆ ಕಡೆ ಇದೆ, ಕಣ್ಣು ಕಾಣಲ್ವಾ? ನಡಿ ಅಂದೆ!"

ನಿಂತರೆ ಬಾಗಿಲಿಗಿಂತ ಎತ್ತರದ ಪ್ರಾಣಿ ತಲೆ ಪಕ್ಕಕ್ಕೆ ಹೊರಳಿಸಿ, ಏನೋ ಬೇರೆ ಕೆಲಸ ನೆನಪಾಯಿತು ಎನ್ನುವ ಹಾಗೆ ಬಳಸಿಕೊಂಡು ಹೊಳೆಗೆ ಹೋಗುತ್ತಿತ್ತು. ದೋಣಿ ನಡೆಸುವ ತಾಂಡೇಲನಾಗಿದ್ದ ನನ್ನಣ್ಣ ಕಿಯೋಜಿಗೂ ಅವಳದು ಅದೇ ದನಿ, ಅದೇ ಮಾತು. ಅವನೂ ಹಾಗೇ ಬಳಸಿಕೊಂಡು ಹೋಗುತ್ತಿದ್ದ.

ಬೈಯುವುದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ದಕ್ಷಿಣದ ದಂಡೆಯಲ್ಲಿ ಕಡಲಸೊಪ್ಪು ಒಣಗಿಸುವವರ ಮನೆಯಿಂದ ಇಪ್ಪತ್ತನೇ ವಯಸ್ಸಿಗೆ ಮದುವೆಯಾಗಿ ಬಂದವಳು. ಆಗ ನನಗೆ ಹನ್ನೆರಡು. ಮೊದಲ ವರ್ಷ ಕರಡಿ ಬಂದಾಗ ನಮ್ಮಮ್ಮ ಅವಳನ್ನು ಬಾಗಿಲಿಂದ ಆಚೆ ತಳ್ಳಿ, "ಹೋಗು, ಬೈದು ಬಾ" ಅಂದಳು. ಸೊಸೆ ಮುಚ್ಚಳವನ್ನು ಎದೆಗವಚಿಕೊಂಡು, ಸೊಳ್ಳೆಯ ದನಿಯಲ್ಲಿ, "ದಯವಿಟ್ಟು ಸ್ವಲ್ಪ ಆ ಕಡೆ ಹೋಗ್ತೀರಾ?" ಎಂದು ಕೇಳಿಕೊಂಡಳು. ಕರಡಿಗೆ ಬಹುವಚನ ಹಾಕಿದ ಸೊಸೆ ಎಂದು ಇಡೀ ದಂಡೆ ಹತ್ತು ವರ್ಷ ನಕ್ಕಿತು.

ಆ ಸಂಜೆ ಅಮ್ಮ ಅವಳಿಗೆ ಹೇಳಿದ್ದನ್ನು ನಾನೂ ಕೇಳಿದ್ದೇನೆ. "ಬೈಯೋದು ಕೋಪಕ್ಕಲ್ಲ ಕಣೇ. ನೀನಿಲ್ಲಿದ್ದೀಯ ಅಂತ ಅದಕ್ಕೆ ಗೊತ್ತಾಗ್ಲಿ ಅಂತ. ಕಣ್ಣು ಅದರ ಮೇಲಿಂದ ತೆಗೀಬೇಡ. ಬಾಯಿ ಮುಚ್ಚಬೇಡ. ಸುಮ್ನಿದ್ರೆ ಬಾ ಅಂತ ಕರೆದ ಹಾಗೆ."

ನಮ್ಮ ಬಲೆಮನೆಯ ಶಾಸ್ತ್ರ ಇಷ್ಟೇ. ಒಂದು ಮೀನಿನ ತಲೆಯನ್ನೂ ಹೊರಗೆ ಎಸೆಯಬಾರದು. ಕರಡಿಗೆ ಹೆಸರಿಡಬಾರದು. ಬಂದರೆ ಬೈಯಬೇಕು, ಹೋಗುವ ತನಕ ಬೈಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ನಲವತ್ತು ವರ್ಷ ನಡೆಯಿತು. ನಾನು ಎಯ್ಸಕು, ಊರಿನ ಬೇಟೆಗಾರರ ಸಂಘದಲ್ಲಿ ಬಂದೂಕಿನ ಪರವಾನಗಿ ಇರುವವನು. ಊರೊಳಗೆ ನುಗ್ಗಿದ ಕರಡಿಗಳನ್ನು ಹೊಡೆದಿದ್ದೇನೆ, ಲೆಕ್ಕ ಹೇಳಲು ಮನಸ್ಸಿಲ್ಲ. ಆದರೆ ಬಲೆಮನೆಗೆ ಬಂದೂಕನ್ನು ಪ್ರತಿವರ್ಷ ಹೊತ್ತುಕೊಂಡು ಹೋಗಿ ಪ್ರತಿವರ್ಷ ಹಾಗೇ ಹೊತ್ತುಕೊಂಡು ಬಂದೆ. ಅತ್ತಿಗೆಯ ಬಾಯಿ ಇರುವಾಗ ಗುಂಡಿನ ಕೆಲಸ ಬರಲಿಲ್ಲ.

ಸೆರಿಜಾವ ಬಂದದ್ದು ಅಣ್ಣ ತೀರಿಕೊಳ್ಳುವುದಕ್ಕೆ ಮೂರು ವರ್ಷ ಮೊದಲು. ಟೋಕಿಯೊದ ಛಾಯಾಚಿತ್ರಗಾರ. ಕಲೆ ಬಲ್ಲವರನ್ನು ನಮ್ಮಲ್ಲಿ ಮೇಷ್ಟ್ರೇ ಎಂದು ಕರೆಯುವ ರೂಢಿ, ಹಾಗಾಗಿ ಮೊದಲ ದಿನದಿಂದಲೇ ಮೇಷ್ಟ್ರಾದ. ಅವನು ಕೆಟ್ಟವನಾಗಿದ್ದರೆ ಈಗ ಎಷ್ಟು ಸುಲಭವಾಗುತ್ತಿತ್ತು! ಬಾಗಿ ನಮಸ್ಕರಿಸಿ ಜಾಗ ಕೇಳಿದ. ಬಲೆಗಳ ಮಧ್ಯೆ ಮಲಗಿದ. ಮೂಲಂಗಿ ಸಿಪ್ಪೆ ತೆಗೆಯಲು ಕೂತರೆ ಅರ್ಧ ಮೂಲಂಗಿಯೇ ಸಿಪ್ಪೆಯಾಗಿ ಹೋಗುತ್ತಿತ್ತು.

"ಮೇಷ್ಟ್ರೇ, ನಮ್ಮ ಸಾರಿಗೆ ಮೂಲಂಗಿನೂ ಸ್ವಲ್ಪ ಉಳಿಸಿ" ಅನ್ನುವಳು ಅತ್ತಿಗೆ.

ಮೊಣಕೈಯಿಂದ ಬೆರಳ ತನಕ ಉದ್ದದ ಮಸೂರ ಇಟ್ಟುಕೊಂಡು ನೂರು ಹೆಜ್ಜೆ ದೂರದಿಂದಲೇ ಚಿತ್ರ ತೆಗೆಯುತ್ತಿದ್ದ. ಅತ್ತಿಗೆ ಬೈದು ಕರಡಿ ತಿರುಗಿ ಹೋದರೆ ಬೇಜಾರು ಮಾಡಿಕೊಳ್ಳದೆ ಮಾರನೆಯ ದಿನಕ್ಕೆ ಕಾಯುತ್ತಿದ್ದ.

ಅಣ್ಣನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಮುಖ ತಿರುಗಿಸಿದ್ದಾನೆ. ಹೇಗೋ ಒಂದು ದಿನ, ಬಲೆ ಎಳೆದು ಬಂದು ಒದ್ದೆ ಬಟ್ಟೆಯಲ್ಲೇ ಒಲೆ ಮುಂದೆ ಕೂತಾಗ, ಅತ್ತಿಗೆ ಏನೋ ಬೈದಳು, ಅಣ್ಣ ಬಾಯ್ತುಂಬ ನಕ್ಕ, ಸೆರಿಜಾವ ಒತ್ತಿದ. ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಅವನು ಮೊದಲು ಬಂದು ಮೂರು ವರ್ಷವಾದ ಅಕ್ಟೋಬರಿನಲ್ಲಿ ಗಾಳಿಗೆ ಅಣ್ಣನ ದೋಣಿ ಮಗುಚಿತು. ಉಳಿದವರನ್ನು ಪಕ್ಕದ ದೋಣಿಯವರು ಎತ್ತಿಕೊಂಡರು. ಕಿಯೋಜಿ ಎರಡು ದಿನದ ಮೇಲೆ ನಮ್ಮದೇ ಬಲೆಯಲ್ಲಿ ಸಿಕ್ಕ.

ಶವಸಂಸ್ಕಾರಕ್ಕೆ ಪಟ ಬೇಕು. ಮನೆಯಲ್ಲಿ ಅವನ ಮುಖ ಕಾಣುವಂತಿದ್ದದ್ದು ವಾಹನ ಪರವಾನಗಿಯ ಒಂದೇ ಚಿತ್ರ, ಪೊಲೀಸರು ಹಿಡಿದು ನಿಲ್ಲಿಸಿದ ಹಾಗಿತ್ತು. ಅದನ್ನೇ ದೊಡ್ಡದು ಮಾಡಿಸೋಣ ಎಂದು ನಾವು ಮಾತಾಡುತ್ತಿರುವಾಗ ಸೆರಿಜಾವ ಬಂದ. ವಿಮಾನ, ರೈಲು, ಬಸ್ಸು ಹಿಡಿದು, ನಿದ್ದೆಗೆಟ್ಟು, ಬಟ್ಟೆಯಲ್ಲಿ ಸುತ್ತಿದ ಚೌಕಟ್ಟನ್ನು ಎದೆಗೆ ಒತ್ತಿಕೊಂಡು ಬಂದಿದ್ದ. ಬಿಚ್ಚಿದರೆ ಅಣ್ಣ ನಗುತ್ತಿದ್ದಾನೆ. ಅತ್ತಿಗೆ ಆ ತನಕ ಅತ್ತಿರಲಿಲ್ಲ. ಆಗ ಅತ್ತಳು.

ಸಾವಿನ ಮನೆಗೆ ಯಾರು ಏನು ತಂದರೂ ನಲವತ್ತೊಂಬತ್ತನೇ ದಿನ ಕಳೆದ ಮೇಲೆ ಅದರ ಅರ್ಧದಷ್ಟಾದರೂ ಅವರಿಗೆ ತಿರುಗಿ ಮುಟ್ಟಿಸಬೇಕು. ಇಲ್ಲದಿದ್ದರೆ ಹೋದವನೂ ಹಗುರಾಗುವುದಿಲ್ಲ, ಉಳಿದವರೂ ಹಗುರಾಗುವುದಿಲ್ಲ. ಅತ್ತಿಗೆ ಸಾಲ್ಮನ್ ಮೊಟ್ಟೆಯ ಉಪ್ಪಿನಕಾಯಿ ಡಬ್ಬಿ ಕಳಿಸಿದಳು. ಅವನು ಅದಕ್ಕಿಂತ ದೊಡ್ಡ ಸಿಹಿ ಪೆಟ್ಟಿಗೆ ಕಳಿಸಿದ. ಅವಳು ಉಣ್ಣೆಯ ತೋಳಿಲ್ಲದ ಅಂಗಿ ಹೆಣೆದು ಕಳಿಸಿದಳು. ಅವನು ಚಹಾ ಕಳಿಸಿದ. ಮೂರನೆಯ ಸಲ ಅವಳು ಕಾಗದದಲ್ಲೇ ಬರೆದಳು, ದಯವಿಟ್ಟು ಇದನ್ನು ಇಟ್ಟುಕೊಂಡು ಸುಮ್ಮನಿರಿ ಎಂದು. ಅವನು ಅಣ್ಣನ ಇನ್ನೊಂದು ಚಿತ್ರ ಕಳಿಸಿದ. ಅದರಲ್ಲಿ ಅಣ್ಣ ಬೆನ್ನು ಮಾಡಿ ಹಗ್ಗ ಸುತ್ತುತ್ತಿದ್ದಾನೆ, ಬಾಗಿಲಲ್ಲಿ ಅತ್ತಿಗೆ ನಿಂತು ನೋಡುತ್ತಿದ್ದಾಳೆ.

"ಈ ಮನುಷ್ಯನಿಗೆ ಏನು ಕೊಟ್ರೆ ತೀರುತ್ತೋ ಎಯ್ಸಕು" ಎಂದು ಅತ್ತಿಗೆ ನನ್ನನ್ನು ಕೇಳಿದಳು. ನಾನು ನಕ್ಕೆ. ನಗಬಾರದಿತ್ತು.

ಅಣ್ಣ ಹೋದ ಎರಡನೆಯ ವರ್ಷ ಸೆರಿಜಾವ ಮತ್ತೆ ಬಂದ. ಆಗ ಹೊಳೆಗೆ ಬರುತ್ತಿದ್ದ ಕರಡಿಗಳಲ್ಲಿ ಒಂದು ನಾಲ್ಕು ವರ್ಷದ ಹೆಣ್ಣು. ತಾಯಿಯ ಬಾಲ ಹಿಡಿದುಕೊಂಡು ಬರುತ್ತಿದ್ದಾಗಿನಿಂದ ಅತ್ತಿಗೆಯ ಬೈಗುಳ ಕೇಳಿ ಬೆಳೆದದ್ದು. ನಾವು ಹೆಸರಿಟ್ಟಿರಲಿಲ್ಲ. ಆದರೆ ಅತ್ತಿಗೆಯ ಬಾಯಲ್ಲಿ ಅದು 'ಈ ಹುಡುಗಿ' ಆಗಿತ್ತು. "ಈ ಹುಡುಗಿಗೆ ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹೋಗುತ್ತೆ, ನಿನ್ನ ಹಾಗಲ್ಲ" ಎಂದು ನನಗೆ ಚುಚ್ಚುವಳು. ಮಕ್ಕಳಿಲ್ಲದವಳು, ಯಾರನ್ನಾದರೂ ಹೊಗಳಬೇಕಿತ್ತು.

ಒಂದು ಸಂಜೆ ಊಟದ ಹೊತ್ತಿಗೆ ಸೆರಿಜಾವ ಬಟ್ಟಲು ಕೆಳಗಿಟ್ಟ.

"ಶಿನೊ ಅಕ್ಕ, ಒಂದು ಮಾತು ಕೇಳ್ಲಾ?"

"ಕೇಳಿ ಮೇಷ್ಟ್ರೇ."

"ನಾಳೆ ಆ ಹುಡುಗಿ ಬಂದಾಗ... ಒಂದೇ ಒಂದು ಸಲ ನೀವು ಬೈಯದೆ ಇರ್ತೀರಾ? ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ. ಅದರ ಮುಖ ಬೇಕು ನನಗೆ."

ಅತ್ತಿಗೆಯ ಸೌಟು ನಿಂತಿತು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಮೇಷ್ಟ್ರೇ, ತಲೆ ನೆಟ್ಟಗಿದ್ಯಾ? ಅಷ್ಟುದ್ದದ ಮಸೂರ ಇಟ್ಕೊಂಡು ಹತ್ತಿರ ಯಾಕೆ ಬೇಕು?"

"ದೂರದಿಂದ ತೆಗೆದ್ರೆ ಅದೊಂದು ಪ್ರಾಣಿ ಅಷ್ಟೇ ಎಯ್ಸಕು ಅವರೇ. ಮುಖ ಮುಖ ನೋಡಿದ್ರೆ ಜನಕ್ಕೆ ಪ್ರೀತಿ ಹುಟ್ಟುತ್ತೆ. ಪ್ರೀತಿ ಇದ್ರೆ ಉಳಿಸ್ತಾರೆ."

"ಯಾರ ಪ್ರೀತಿನೂ ಇಲ್ದೆ ಇಷ್ಟು ವರ್ಷ ಉಳ್ಕೊಂಡಿದೆಯಲ್ಲ!"

ಅತ್ತಿಗೆ ಬಟ್ಟಲುಗಳನ್ನೆತ್ತಿ ತೊಳೆಯಲು ಹೋದಳು. ಬೆಳಿಗ್ಗೆ ನಾನು ಏಳುವಾಗ ಅವಳು ಸ್ನಾನ ಮುಗಿಸಿ ಬಟ್ಟೆಯ ಮೇಲೆ ಒಗೆದ ಅಡುಗೆಯ ಮುಂಗಟ್ಟು ಕಟ್ಟಿಕೊಂಡಿದ್ದಳು.

"ಒಂದು ಸಲ ಕಣೋ" ಅಂದಳು, ನನ್ನ ಮುಖ ನೋಡದೆ. "ಅವರು ನಮ್ಮನ್ನ ಇದುವರೆಗೆ ಕೇಳಿರೋದು ಇದೊಂದೇ. ಕೊಟ್ಬಿಡ್ತೀನಿ. ಆಮೇಲೆ ನಿಮ್ಮಣ್ಣನ ಋಣ ತೀರಿತು."

"ಅತ್ತಿಗೆ, ಬೇಡ."

"ನೀನು ಬಂದೂಕು ತಗೊಂಡು ಏಣಿ ಮೇಲೆ ನಿಂತ್ಕೋ."

ಆ ಬಲೆಮನೆಯಲ್ಲಿ ನಾನು ಬಂದೂಕಿಗೆ ಗುಂಡು ತುಂಬಿದ್ದು ಅದೇ ಮೊದಲು. ಏಣಿಯ ಮೇಲಿಂದ ಎಲ್ಲವೂ ಕಾಣುತ್ತಿತ್ತು. ಬಾಗಿಲಲ್ಲಿ ಅತ್ತಿಗೆ, ಅವಳ ಪಕ್ಕ ಮಂಡಿಯೂರಿದ ಸೆರಿಜಾವ, ಕೈಯಲ್ಲಿ ಗಿಡ್ಡ ಮಸೂರ. ಸೂರ್ಯ ಆಗಷ್ಟೇ ಕಡಲಿನಾಚೆಯ ಕುನಾಶಿರಿ ದ್ವೀಪದ ಮೇಲೆ ಬಂದಿದ್ದ. ಹುಡುಗಿ ಬೆಟ್ಟ ಇಳಿದು ಬಂತು. ಮೂವತ್ತು ಹೆಜ್ಜೆಯಲ್ಲಿ ನಿಂತಿತು. ಅದು ದಿನಾ ಬೈಸಿಕೊಳ್ಳುವ ಜಾಗ.

ಅತ್ತಿಗೆ ಬಾಯಿ ಬಿಡಲಿಲ್ಲ.

ಕರಡಿ ಅವಳ ಮುಖ ನೋಡಿತು. ಕಾದಿತು. ತಲೆ ತಗ್ಗಿಸಿ, ಎತ್ತಿ, ಮತ್ತೆ ನೋಡಿತು. ಇಪ್ಪತ್ತು ಹೆಜ್ಜೆ. ಹದಿನೈದು. ಏಳು ಹೆಜ್ಜೆಗೆ ಬಂದು ಕರಡಿ ಕೂತುಕೊಂಡಿತು, ಪಾಠ ಮರೆತ ಮೇಷ್ಟ್ರ ಮುಂದೆ ಮಗು ಕೂರುವ ಹಾಗೆ. ಕ್ಯಾಮೆರಾ ಕಟಕಟ ಎಂದಿತು. ಅದು ಗಾಳಿಯನ್ನು ಮೂಸಿತು. ಕೊನೆಗೆ ತಾನೇ ಎದ್ದು ಹೊಳೆಗೆ ಹೋಯಿತು. ಏನೂ ಆಗಲಿಲ್ಲ. ಯಾರಿಗೂ ಒಂದು ಗೀರು ಸಹ ಆಗಲಿಲ್ಲ. ಸೆರಿಜಾವ ನೆಲಕ್ಕೆ ಹಣೆ ಹಚ್ಚಿ ಅತ್ತಿಗೆಗೆ ನಮಸ್ಕರಿಸಿ ಅತ್ತ.

ಅವಳು ಒಳಗೆ ಬಂದು ಅಕ್ಕಿ ತೊಳೆಯುತ್ತ, "ಬೈಯಲಿ ಅಂತ ಕಾಯ್ತಿತ್ತು ಕಣೋ ಅದು" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೋದದ್ದು ಆಡದೆ ಇದ್ದ ಮಾತಿನಿಂದ.

ಚಿತ್ರ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಒದ್ದೆ ಮೂಗು, ರೆಪ್ಪೆಯ ಕೂದಲು, ಕಣ್ಣಿನಲ್ಲಿ ನಮ್ಮ ಬಾಗಿಲಿನ ಸಣ್ಣ ನೆರಳು. ಎಡಗಡೆ ಅಂಚಿನಲ್ಲಿ ಅತ್ತಿಗೆಯ ಮುಂಗಟ್ಟಿನ ಒಂದು ತುದಿ. ಪ್ರದರ್ಶನವಾಯಿತು, ಬಹುಮಾನ ಬಂತು, ಮೊಬೈಲಿನಿಂದ ಮೊಬೈಲಿಗೆ ದೇಶವೆಲ್ಲ ಸುತ್ತಿತು. ಸೆರಿಜಾವ ಎಲ್ಲೂ ಜಾಗದ ಹೆಸರು ಹೇಳಿರಲಿಲ್ಲ. ಆದರೆ ಕರಡಿಯ ಬೆನ್ನ ಹಿಂದೆ, ಹಕ್ಕಿಯ ಕೊಕ್ಕಿನ ಹಾಗೆ ಚಾಚಿದ ನಮ್ಮ ದಂಡೆಯ ಬಂಡೆ ಇತ್ತು. ಆ ಬಂಡೆ ನೋಡಿದವರಿಗೆ ದಾರಿ ಹೇಳುವ ಅಗತ್ಯವೇ ಇಲ್ಲ.

ಮುಂದಿನ ಆಗಸ್ಟಿನಲ್ಲಿ ನಾವು ಹೋಗುವ ಮೊದಲೇ ಅಲ್ಲಿ ಜನ ಇದ್ದರು. ಕರಡಿಯಿಂದ ಐವತ್ತು ಮೀಟರ್ ದೂರ ಇರಿ ಎನ್ನುವ ಫಲಕದ ಕಂಬಕ್ಕೇ ಕ್ಯಾಮೆರಾದ ಚೀಲ ನೇತುಹಾಕಿ ಹತ್ತು ಮೀಟರಿನಲ್ಲಿ ಕೂತಿದ್ದರು. ಕರಡಿಗೆ ಮೊಮೊಕೊ ಎಂದು ಹೆಸರೂ ಇಟ್ಟಿದ್ದರು. ಗಲಾಟೆ ಇಲ್ಲ, ಕಸ ಇಲ್ಲ, ಎಲ್ಲ ಮರ್ಯಾದಸ್ಥರು. ಅತ್ತಿಗೆ ಮುಚ್ಚಳ ಹಿಡಿದು, "ಏಯ್! ನಡಿ ಆಚೆ!" ಎಂದು ಕೂಗಿದ್ದೇ ತಡ, ಇಪ್ಪತ್ತು ಮುಖ ಅವಳ ಕಡೆ ತಿರುಗಿ "ಶ್!" ಎಂದವು.

ಟೊಪ್ಪಿಗೆ ಹಾಕಿದ ಒಬ್ಬ ಹೆಣ್ಣುಮಗಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅಮ್ಮಾ, ದಯವಿಟ್ಟು ಸ್ವಲ್ಪ ಸುಮ್ಮನಿರ್ತೀರಾ? ಪಾಪ, ಅದಕ್ಕೆ ಹೆದರಿಕೆ ಆಗುತ್ತೆ."

"ಹೆದರಬೇಕಮ್ಮಾ! ಹೆದರ್ಲಿ ಅಂತ್ಲೇ ಕೂಗ್ತಿರೋದು!"

"ಇಲ್ಲ, ನಾವು ಸುಮ್ನಿದ್ರೆ ಅದೂ ಏನೂ ಮಾಡಲ್ಲ. ನೋಡಿ ಇಲ್ಲಿ." ಮೊಬೈಲಿನಲ್ಲಿ ಆ ಚಿತ್ರ ತೋರಿಸಿದಳು. "ಎಷ್ಟು ಶಾಂತವಾಗಿ ಕೂತಿದೆ!"

ಅತ್ತಿಗೆ ಆ ಚಿತ್ರದ ಅಂಚಿನಲ್ಲಿದ್ದ ತನ್ನ ಮುಂಗಟ್ಟನ್ನು ನೋಡಿದಳು. ಕರಡಿಗಳ ಮುಂದೆ ನಲವತ್ತು ವರ್ಷ ಕಟ್ಟದೆ ಇದ್ದ ಬಾಯಿ ಆ ಹೆಣ್ಣುಮಗಳ ಮುಂದೆ ಕಟ್ಟಿತು. ಏನೆಂದು ಹೇಳಿಯಾಳು? ಈಗ ನಾನು ಕೂಗುವುದನ್ನು ನಂಬು, ಆ ದಿನ ಸುಮ್ಮನಿದ್ದದ್ದನ್ನು ನಂಬಬೇಡ ಎಂದೇ?

ಅಮ್ಮನ ಮಾತೇ ನಿಜವಾಯಿತು. ಸುಮ್ಮನಿರುವವರ ಸಾಲು ನೋಡಿ ಕರಡಿ ತನ್ನನ್ನು ಕರೆದರೆಂದು ತಿಳಿಯಿತು. ಮನುಷ್ಯನೆಂದರೆ ಬೈಯುವವನಲ್ಲ, ಸುಮ್ಮನೆ ಕೂತು ಕಾಯುವವನು ಎಂದು ಕಲಿಯಿತು. ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ ಎಂದು ಅತ್ತಿಗೆ ಹೊಗಳುತ್ತಿದ್ದಳಲ್ಲ, ಆ ಜಾಣತನವೇ ಅದಕ್ಕೆ ಮುಳುವಾಯಿತು. ಸೆಪ್ಟೆಂಬರಿನಲ್ಲಿ ಅದು ದಂಡೆ ಬಿಟ್ಟು ರಸ್ತೆಗೆ ಬಂತು. ಕಾರಿನ ಕಿಟಕಿಯಿಂದ ಯಾರೋ, ಮುಖ ಇನ್ನೂ ಸ್ವಲ್ಪ ಹತ್ತಿರ ಬರಲಿ ಎಂದು, ಸಿಹಿ ಬನ್ನು ನೀಡಿದರು. ಅದರ ಚಿತ್ರವನ್ನೂ ನಾನು ನೋಡಿದೆ. ಅದಾಗಿ ವಾರದಲ್ಲಿ ಕರಡಿ ರಸ್ತೆ ಹಿಡಿದು ಊರಿಗೆ ಬಂತು. ಶಾಲೆಯ ಪಕ್ಕದ ಹೊಳೆಯಲ್ಲಿ ಮೀನೂ ಇತ್ತು, ಶಾಲೆಗೆ ಹೋಗುವ ಮಕ್ಕಳ ಬೆನ್ನಮೇಲೆ ತಿಂಡಿಯ ಚೀಲವೂ ಇತ್ತು.

ಪಂಚಾಯಿತಿ ಮನೆಯಲ್ಲಿ ಸಭೆ ಸೇರಿತು. ಬೇಟೆಗಾರರನ್ನೂ ಕರೆದಿದ್ದರು. ಹೊಡೆಯಬೇಕು ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ನನಗೂ ಇರಲಿಲ್ಲ. ಮಕ್ಕಳ ವಿಷಯ. ಅಷ್ಟರಲ್ಲಿ ಬಾಗಿಲು ಸರಿಸಿಕೊಂಡು ಅತ್ತಿಗೆ ಬಂದಳು. ಬಲೆಮನೆಯಿಂದ ರಬ್ಬರ್ ಬೂಟಿನಲ್ಲೇ ನಡೆದು ಬಂದಿದ್ದಳು. ನೆಲಕ್ಕೆ ಕೂತು ಹಣೆ ಹಚ್ಚಿದಳು.

"ಮೂರು ದಿನ ಕೊಡಿ. ನಾನು ಬೈತೀನಿ. ನನ್ನ ಮಾತು ಅದು ಕೇಳುತ್ತೆ. ಬೆಟ್ಟಕ್ಕೆ ಹತ್ತಿಸ್ತೀನಿ."

"ಶಿನೊ ಅಕ್ಕ, ಏಳಿ, ಏನಿದೆಲ್ಲ" ಎಂದು ಅಧಿಕಾರಿ ಪೇಚಾಡಿದ.

"ಮೂರೇ ದಿನ. ಕೆಡಿಸಿದ್ದು ನಾನು. ಸರಿ ಮಾಡೋಕೆ ಬಿಡಿ."

ಮೂರು ದಿನ ಶಾಲೆಗೆ ಮಕ್ಕಳನ್ನು ಕಾರಿನಲ್ಲೇ ಬಿಡುವುದು, ಅಷ್ಟರಲ್ಲಿ ಅದು ಹೋಗದಿದ್ದರೆ ಎಯ್ಸಕು ಹೊಡೆಯುವುದು ಎಂದು ತೀರ್ಮಾನವಾಯಿತು. ನನ್ನ ಗುರಿ ಊರಿನಲ್ಲೆಲ್ಲ ಚೆನ್ನಾಗಿತ್ತು. ಅದಕ್ಕೆ ನನ್ನ ಹೆಸರು.

ಮೊದಲ ದಿನ ಶಾಲೆಯ ಪಕ್ಕದಲ್ಲಿ ನಿಂತು ಅತ್ತಿಗೆ ಕೂಗಿದಾಗ ಕರಡಿ ಹೊಳೆ ದಾಟಿ ಹೋಯಿತು. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು! "ನೋಡಿದ್ಯಾ? ಹೇಳಿರ್ಲಿಲ್ವಾ? ಮರೆತಿಲ್ಲ ಅದು!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಆ ಸಂಜೆ ಸೊಪ್ಪಿನ ಸಾರು ಎರಡು ಬಟ್ಟಲು ಕುಡಿದಳು. ಎರಡನೆಯ ದಿನ ಕರಡಿ ಹತ್ತು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿತು. ರಸ್ತೆಯ ಮೇಲೆ ಆಗಲೇ ಮೂವತ್ತು ಕ್ಯಾಮೆರಾ. ಅತ್ತಿಗೆ ಒಬ್ಬಳೇ ಕೂಗುತ್ತಿದ್ದಳು, ಮೂವತ್ತು ಜನ ಸುಮ್ಮನಿದ್ದರು. ಅದು ಯಾರ ಮಾತು ಕೇಳಬೇಕು?

ಆ ದಿನ ಮಧ್ಯಾಹ್ನದ ಬಸ್ಸಿಗೆ ಸೆರಿಜಾವ ಬಂದಿಳಿದ. ಸುದ್ದಿ ಓದಿ ಬಂದಿದ್ದ, ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಜನರ ಮುಂದೆ ಎರಡು ತೋಳು ಚಾಚಿ ನಿಂತು, "ಕ್ಯಾಮೆರಾ ಇಳಿಸಿ, ದಯವಿಟ್ಟು ಇಳಿಸಿ, ಮನೆಗೆ ಹೋಗಿ" ಎಂದು ಬೇಡಿದ. ಯಾರೋ ಅವನ ಗುರುತು ಹಿಡಿದರು. "ಮೇಷ್ಟ್ರೇ! ನಿಮ್ಮ ಚಿತ್ರ ನೋಡೇ ನಾವು ಬಂದಿದ್ದು. ಒಂದು ಫೋಟೋ ನಿಮ್ಮ ಜೊತೆ?" ಅವನು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟ. ನನಗೆ ಅಯ್ಯೋ ಅನ್ನಿಸಲಿಲ್ಲ, ಅನ್ನಿಸಬೇಕಿತ್ತೇನೋ.

ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಕರಡಿ ಶಾಲೆಯ ಹಿಂದಿನ ಹೊಳೆಯಂಗಳದಲ್ಲಿತ್ತು. ಕಿಟಕಿಯ ಗಾಜಿಗೆ ಮಕ್ಕಳ ಮುಖಗಳು ಒತ್ತಿಕೊಂಡಿದ್ದವು, ಟೀಚರು ಪರದೆ ಎಳೆದರು. ಪೊಲೀಸರು ಕ್ಯಾಮೆರಾದವರನ್ನು ಸೇತುವೆಯ ಆಚೆಗೆ ಸರಿಸಿದರು. ನನ್ನನ್ನು ಬದಿಯಲ್ಲಿ ನಿಲ್ಲಿಸಿದರು. ಕರಡಿಯ ಹಿಂದೆ ಮಣ್ಣಿನ ದಿಣ್ಣೆ ಇತ್ತು. ತಪ್ಪಿದರೂ ಗುಂಡು ಮಣ್ಣಿಗೇ ಹೋಗುತ್ತದೆ.

ಅತ್ತಿಗೆ ಕಲ್ಲುಗಳ ಮೇಲೆ ಇಳಿದು ಅದರ ಎದುರಿಗೆ ನಿಂತಳು.

"ಏಯ್! ನಡಿ! ನಡಿ ಆಚೆ! ಇಲ್ಲೇನಿದೆ ನಿಂಗೆ? ಬೆಟ್ಟ ಅಲ್ಲಿದೆ, ಹೋಗು! ಹೋಗೇ! ಕೇಳ್ಸಲ್ವೇನೇ ನಿಂಗೆ? ಹೋಗೇ ನನ್ನವ್ವಾ, ಹೋಗು!"

ಕರಡಿಗಳನ್ನು ಬೈಯಲು ಕಲಿತ ಮೇಲೆ ಅವಳ ಬಾಯಲ್ಲಿ ಅಂಥ ಬೇಡಿಕೊಳ್ಳುವ ಮಾತು ನಾನು ಕೇಳಿರಲಿಲ್ಲ. ಗಂಟಲು ಒಡೆಯಿತು. ಮುಚ್ಚಳವನ್ನು ಎಸೆದಳು, ಅದು ಕಲ್ಲಿಗೆ ಬಡಿದು ಉರುಳಿತು. ಕರಡಿ ಆ ಕಡೆ ಹೋಗಿ ಅದನ್ನು ಮೂಸಿತು, ಈ ಕಡೆ ಬಂತು, ಮತ್ತೆ ಆ ಕಡೆ ಹೋಯಿತು. ಕೂಗಿಗೆ ಅದರ ಕಿವಿ ಅಲುಗುತ್ತಿತ್ತು. ಆದರೆ ಕಾಲು ಬೆಟ್ಟದ ಕಡೆ ಹೊರಡಲಿಲ್ಲ. ಅವಳ ಕಡೆಗೇ ಸುತ್ತಿ ಸುತ್ತಿ ಹತ್ತಿರ ಬರುತ್ತಿತ್ತು. ಇಪ್ಪತ್ತು ಹೆಜ್ಜೆ ಉಳಿದಿತ್ತು.

"ಎಯ್ಸಕು ಅವರೇ" ಎಂದ ಪೊಲೀಸಿನವನು.

ನಾನು ಬಂದೂಕೆತ್ತಿದೆ. ಅದು ನಿಲ್ಲುತ್ತಿರಲಿಲ್ಲ. ಅಲೆಯುವ ಕರಡಿಗೆ ಹೊಡೆದರೆ ಗುಂಡು ಹೊಟ್ಟೆಗೋ ಭುಜಕ್ಕೋ ತಗಲುತ್ತದೆ. ಗಾಯದಲ್ಲಿ ಅದು ದಿನಗಟ್ಟಲೆ ಕಾಡಿನಲ್ಲಿ ನರಳುತ್ತದೆ, ಇಲ್ಲವೇ ಎದುರಿಗಿದ್ದವರ ಮೇಲೆ ಬೀಳುತ್ತದೆ. ಎದುರಿಗಿದ್ದವಳು ಅತ್ತಿಗೆ.

"ಅತ್ತಿಗೆ" ಎಂದೆ. "ಅದು ನಿಲ್ತಾ ಇಲ್ಲ."

ಅವಳಿಗೆ ಅರ್ಥವಾಯಿತು. ಅವಳಿಗೆ ಮಾತ್ರ ಅರ್ಥವಾಗುವ ಮಾತು ಅದು. ನಾನು ಹಾಗೆಂದೇ ಹೇಳಿದೆ, ಪಾಪಿ. ಅವಳು ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಕರಡಿಯ ಕಡೆ ತಿರುಗಿ, ಕೈ ಇಳಿಬಿಟ್ಟು, ಬಾಯಿ ಮುಚ್ಚಿದಳು.

ಹೊಳೆಯ ಸದ್ದು ಮಾತ್ರ ಉಳಿಯಿತು. ಕರಡಿಯೂ ನಿಂತಿತು. ಬಂದು, ಅವಳ ಮುಂದೆ ಆ ದಿನ ಕೂತ ಹಾಗೆಯೇ ಕೂತುಕೊಂಡಿತು. ಪಕ್ಕೆ ಪೂರ್ತಿ ನನ್ನ ಕಡೆಗಿತ್ತು.

ಒಂದೇ ಗುಂಡು ಸಾಕಾಯಿತು.

ಸೇತುವೆಯ ಮೇಲಿದ್ದವರಲ್ಲಿ ಕೆಲವರು ಅತ್ತರು, ಕೆಲವರು ನನ್ನನ್ನು ಕೊಲೆಗಡುಕ ಎಂದು ಕೂಗಿದರು. ಈಗ ಬಂತು ನೋಡಿ ಇವರಿಗೆ ಬಾಯಿ ಎಂದು ನನಗೆ ಅನ್ನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಂಜೆ ಸೆರಿಜಾವ ಮನೆಗೆ ಬಂದು ಹೊಸ್ತಿಲಾಚೆ ಮಂಡಿಯೂರಿ ಕೂತ. ಆ ಚಿತ್ರವನ್ನು ಎಲ್ಲ ಕಡೆಯಿಂದ ತೆಗೆಸುತ್ತೇನೆ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದೆಲ್ಲ ಹೇಳಿದ. ಅತ್ತಿಗೆ ಅವನಿಗೆ ಚಹಾ ಕೊಟ್ಟಳು. ದನಿ ಪೂರ್ತಿ ಬಿದ್ದುಹೋಗಿತ್ತು, ಗಾಳಿಯಂತೆ ಬರುತ್ತಿತ್ತು.

"ಕೇಳಿದ್ದು ನೀವು. ಕೇಳೋದೇನು, ಯಾರು ಬೇಕಾದ್ರೂ ಕೇಳ್ತಾರೆ. ಕೊಟ್ಟಿದ್ದು ನಾನು ಮೇಷ್ಟ್ರೇ. ನಂದಲ್ಲದ್ದನ್ನ ಕೊಟ್ಬಿಟ್ಟೆ. ಆ ಹುಡುಗಿಯ ಭಯ ಆ ಹುಡುಗಿದು. ಅದನ್ನ ಕಾಯೋದಷ್ಟೇ ನನ್ನ ಕೆಲಸ ಆಗಿತ್ತು."

ಅವನು ಚಹಾ ಕುಡಿಯದೆ ಹೋದ. ಅವನು ನಿಜವಾಗಿಯೂ ಕ್ಯಾಮೆರಾ ಬಿಟ್ಟನೆಂದು ಆಮೇಲೆ ಕೇಳಿದೆ. ಚಿತ್ರ ಮಾತ್ರ ಹೋಗಲಿಲ್ಲ. ಈಗಲೂ ಯಾರದೋ ಮೊಬೈಲಿನಲ್ಲಿ ಕಾಣಿಸುತ್ತದೆ, ಎಷ್ಟು ಮುದ್ದಾಗಿದೆ ಅನ್ನುತ್ತಾರೆ.

ಅತ್ತಿಗೆ ಮತ್ತೆ ಬಲೆಮನೆಗೆ ಹೋಗಲಿಲ್ಲ. ಈಗ ಅಲ್ಲಿ ಅಡುಗೆಗೆ ಬೇರೆಯವರಿದ್ದಾರೆ, ಕರಡಿ ಬಂದರೆ ಒತ್ತಲು ಒಂದು ಸೈರನ್ ಇದೆ. ಅವಳು ಊರಿನಲ್ಲೇ ಇದ್ದಾಳೆ, ಎಪ್ಪತ್ತು ದಾಟಿದೆ. ಬಾಯಿ ಕಮ್ಮಿಯಾಗಿದೆ. ನಾನು ಬೂಟು ತೆಗೆಯದೆ ಒಳಗೆ ಕಾಲಿಟ್ಟರೂ ಬೈಯುವುದಿಲ್ಲ. ಬೈಯಲಿ ಎಂದು ಎರಡು ಸಲ ಬೇಕೆಂದೇ ಇಟ್ಟೆ. ಚಿಂದಿ ತಂದು ನೆಲ ಒರೆಸಿಕೊಂಡಳು.

ಗುಂಡು ಹಾರಿದ ದಿನದ ಬಗ್ಗೆ ಅವಳು ನನ್ನನ್ನು ಏನೂ ಕೇಳಿರಲಿಲ್ಲ. ಹೋದ ಚಳಿಗಾಲ ಮೂಲಂಗಿ ಉಪ್ಪಿಗೆ ಹಾಕುವಾಗ ಪೀಪಾಯಿಯೊಳಗೆ ಅದನ್ನು ಒತ್ತುವ ಭಾರದ ಕಲ್ಲು ಎತ್ತಿಡಲು ನನ್ನನ್ನು ಕರೆದಿದ್ದಳು. ಕಲ್ಲು ಇಟ್ಟೆ. ಕೈ ತೊಳೆದುಕೊಂಡೆ. ಹೊರಡುವ ಹೊತ್ತಿಗೆ ಅವಳು ಹೇಳಿದಳು.

"ಎಯ್ಸಕು, ನಾನು ಕೊನೇಲಿ ಕಣ್ಣು ಮುಚ್ಕೊಂಡ್ಬಿಟ್ಟೆ ಕಣೋ. ಮುಚ್ಚಬಾರದಿತ್ತು. ಅತ್ತೆ ಹೇಳಿದ್ರು ಕಣ್ಣು ಅದರ ಮೇಲಿಂದ ತೆಗೀಬೇಡ ಅಂತ."

"ಅದೆಲ್ಲ ಯಾಕೀಗ ಅತ್ತಿಗೆ?"

"ಅದು ಎಲ್ಲಿ ನೋಡ್ತಿತ್ತು?"

ಬಂದೂಕಿನ ತುದಿಯಿಂದ ನೋಡಿದವನು ನಾನು. ಕರಡಿ ಅವಳ ಮುಖವನ್ನೇ ನೋಡುತ್ತಿತ್ತು. ಕಿವಿ ಮುಂದಕ್ಕೆ ನಿಮಿರಿತ್ತು. ಗುಂಡು ತಗಲುವ ಕ್ಷಣದವರೆಗೂ ಅದು ಅವಳ ಮಾತಿಗೆ ಕಾಯುತ್ತಿತ್ತು.

"ಹೊಳೆ ಕಡೆ ನೋಡ್ತಿತ್ತು ಅತ್ತಿಗೆ" ಎಂದೆ. "ಮೀನು ಹಾರಿತ್ತು. ಅದನ್ನೇ ನೋಡ್ತಿತ್ತು."

ಅವಳು ತಲೆಯಾಡಿಸಿ ಮೂಲಂಗಿಯ ಪೀಪಾಯಿಗೆ ಮುಚ್ಚಳ ಮುಚ್ಚಿದಳು. "ಹೌದಾ" ಅಂದಳು. ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಿದಾಗಲೆಲ್ಲ ಹಿಡಿದು ಬೈಯುತ್ತಿದ್ದವಳು, ಆ ದಿನ ಬೈಯಲಿಲ್ಲ.